ಗದ್ದಲದ ಮನೆಯಲ್ಲಿ ಕುಳಿತು ಕಥೆ ಬರೆಯುವವರು ಯಾರಾದರೂ ಇದ್ದೀರಾ?

ಪ್ರಶ್ನೆ: ಕೊಬ್ಬರಿ ಸೀಮೆಯವಳು

ತಿಪಟೂರಿನ ಹತ್ತಿರದ ಒಂದು ಹಳ್ಳಿ ನಮ್ಮದು. ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದರೆ ಕೊಟ್ಟಿಗೆ, ಹಾಲು ಕರೆಯುವುದು, ಡೇರಿಗೆ ಹಾಕುವುದು, ಇಬ್ಬರು ಮಕ್ಕಳ ಊಟದ ಡಬ್ಬಿ, ಮಾವನವರ ಸ್ನಾನ, ಅವರಿಗೆ ಗಂಜಿ. ಮಾವನವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಬಹುಪಾಲು ಹೋಗಿದೆ. ಉಳಿದಿರುವ ನಾಲ್ಕಾರು ಪದಗಳಲ್ಲಿ ‘ನೀರಿದೆ’ ಎನ್ನುವುದು ಒಂದು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ನೀರಿನ ಸದ್ದು ಪೂರ್ತಿ ನಿಂತು ಗಿಟುಕು ಗಡಗಡ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಆಗದಿದ್ದರೆ ‘ನೀರಿದೆ’ ಎಂದು ಪಕ್ಕಕ್ಕಿಡುತ್ತಾರೆ. ಜೀವನವಿಡೀ ಆ ಕೆಲಸ ಮಾಡಿದವರು ಈಗ ಹಸಿವಾದರೂ, ಬೆನ್ನು ನೋವಾದರೂ, ಮೊಮ್ಮಗ ಶಾಲೆಯಿಂದ ಬಂದರೂ ‘ನೀರಿದೆ’ ಎನ್ನುತ್ತಾರೆ. ಯಾವ ‘ನೀರಿದೆ’ಗೆ ಯಾವ ಅರ್ಥ ಎಂದು ತಿಳಿಯಲು ನಮಗೆ ಒಂದು ವರ್ಷ ಹಿಡಿಯಿತು.

ಪದವಿ ಓದುವಾಗ ಏಳು ಕಥೆ ಬರೆದಿದ್ದೆ. ಮದುವೆಯಾಗಿ ಹದಿಮೂರು ವರ್ಷ. ಈ ಹದಿಮೂರು ವರ್ಷಗಳಲ್ಲಿ ನನ್ನ ನೋಟುಪುಸ್ತಕದಲ್ಲಿ ಇರುವುದು ಮೂರು ಕಥೆಗಳ ಮೊದಲ ಪುಟ ಮಾತ್ರ. ಮೂರೂ ಮಳೆಯಿಂದಲೇ ಶುರುವಾಗುತ್ತವೆ, ಮೂರರಲ್ಲೂ ಒಬ್ಬಳು ಕಿಟಕಿಯ ಬಳಿ ನಿಂತಿದ್ದಾಳೆ. ಅವಳು ಯಾರು, ಏಕೆ ನಿಂತಿದ್ದಾಳೆ ಎಂದು ಯೋಚಿಸುವಷ್ಟರಲ್ಲಿ ಹಾಲು ಉಕ್ಕುತ್ತದೆ, ಇಲ್ಲವೇ ಸಂಘದಿಂದ ಫೋನು ಬರುತ್ತದೆ. ಮಾರ್ಚ್ ತಿಂಗಳಂತೂ ಕೇಳುವುದೇ ಬೇಡ. ಬಡ್ಡಿಯಿಲ್ಲದ ಬೆಳೆ ಸಾಲವನ್ನು ವಾಯಿದೆಯೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ ಎಂದು ಇಡೀ ಊರು ಕೊನೆಯ ವಾರದಲ್ಲಿ ನನ್ನ ಮೇಜಿನ ಮುಂದೆ ನಿಂತಿರುತ್ತದೆ. ರಾತ್ರಿ ಹತ್ತೂವರೆಗೆ ಪೆನ್ನು ಹಿಡಿದರೆ ತಲೆಯಲ್ಲಿ ಬರೀ ಅಂಕಿಗಳು ಓಡುತ್ತಿರುತ್ತವೆ.

ಬರೆಯುವವರಿಗೆ ಏಕಾಂತ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದ ಪ್ರಕಾರ ಇನ್ನು ಹತ್ತು ವರ್ಷ ನನಗೆ ಏಕಾಂತ ಸಿಗುವುದಿಲ್ಲ. ಅಲ್ಲಿಯವರೆಗೆ ಕಾಯಬೇಕೇ? ಇಂಥ ದಿನಗಳ ನಡುವೆಯೇ ಬರೆಯುತ್ತಿರುವವರು ಇದ್ದರೆ ದಯವಿಟ್ಟು ಹೇಳಿ, ಕಥೆ ನಿಮ್ಮ ಬಳಿಗೆ ಯಾವ ದಾರಿಯಿಂದ ಬರುತ್ತದೆ?

ಉತ್ತರ 1: ಮೆಟ್ರೊ ಪಯಣಿಗ

ಅಕ್ಕ, ಮೊಬೈಲಿನಲ್ಲಿ ಕನ್ನಡದಲ್ಲಿ ಮಾತನಾಡಿದರೆ ಅದೇ ಅಕ್ಷರವಾಗಿ ಮೂಡುವ ಸೌಲಭ್ಯವಿದೆ. ನಾನು ಬೆಂಗಳೂರಿನಲ್ಲಿ ಕಚೇರಿಗೆ ನಡೆಯುವ ಹದಿನೈದು ನಿಮಿಷದಲ್ಲಿ ಅದನ್ನೇ ಬಳಸುತ್ತೇನೆ. ಒತ್ತಕ್ಷರಗಳು ಕೆಲವೊಮ್ಮೆ ತಪ್ಪುತ್ತವೆ, ಆದರೆ ಮರೆತುಹೋಗುವುದಕ್ಕಿಂತ ವಾಸಿ. ಹಾಲು ಕರೆಯುವಾಗ ಕೈ ಬಿಡುವಿಲ್ಲದಿದ್ದರೂ ಬಾಯಿ ಬಿಡುವಾಗಿರುತ್ತದೆಯಲ್ಲವೇ?

ಉತ್ತರ 2: ವಸತಿ ಬಸ್

ತಂಗೀ, ನಾನು 1989ರಲ್ಲಿ ಬಸ್ ನಿರ್ವಾಹಕನಾಗಿ ಸೇರಿ 2021ರಲ್ಲಿ ನಿವೃತ್ತನಾದವನು. ಮಧ್ಯೆ 1997ರಲ್ಲಿ ನಮ್ಮ ಭಾಗಕ್ಕೆ ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾಯಿತು. ನಾನು ಅದೇ ಗದಗ, ಡಂಬಳ, ಮುಂಡರಗಿ ದಾರಿಯಲ್ಲೇ ಉಳಿದೆ. ಐವತ್ತು ಸೀಟಿನ ಬಸ್ಸಿನಲ್ಲಿ ಎಂಬತ್ತು ಜನ, ಕಾಲಿನ ಸಂದಿಯಲ್ಲಿ ಮೆಣಸಿನಕಾಯಿ ಚೀಲ, ಅದರ ಘಾಟಿಗೆ ಕೆಮ್ಮುವ ಮಕ್ಕಳು, ಎಂಟಾಣೆ ಚಿಲ್ಲರೆಗೆ ಜಗಳ. ಮುಂದಿನ ಸ್ಟೇಜು ಬರುವುದರೊಳಗೆ ಟಿಕೆಟ್ ಮುಗಿಸಿ ವೇಬಿಲ್ ತುಂಬಬೇಕು. ತಪಾಸಣೆಯವರು ಹತ್ತಿದಾಗ ಒಂದು ಟಿಕೆಟ್ ಕಡಿಮೆ ಬಂದರೂ ಮೆಮೊ. ಆ ಬಸ್ಸಿನಿಂದಲೇ ನನಗೆ ಇಪ್ಪತ್ತಾರು ಕಥೆಗಳು ಸಿಕ್ಕಿವೆ. ಆದ್ದರಿಂದ ನಿಮಗೆ ಉತ್ತರ ಕೊಡಲು ನನಗೆ ಅಷ್ಟಿಷ್ಟು ಹಕ್ಕಿದೆ ಎಂದು ಭಾವಿಸಿದ್ದೇನೆ.

ಮೊದಲ ಹತ್ತು ವರ್ಷ ನಾನೂ ನಿಮ್ಮ ಹಾಗೆಯೇ ಮೊದಲ ಪುಟಗಳನ್ನೇ ಬರೆದೆ. ರಾತ್ರಿ ಕುಳಿತು ದಿನವನ್ನು ನೆನೆಸಿಕೊಂಡರೆ ಉಳಿದಿರುತ್ತಿದ್ದದ್ದು ದೊಡ್ಡ ದೊಡ್ಡ ಪದಗಳು ಮಾತ್ರ: ಬಡತನ, ನೋವು, ಬದುಕಿನ ಪಯಣ. ಆ ಪದಗಳಲ್ಲಿ ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ.

1999ರ ಬೇಸಿಗೆ ಇರಬೇಕು. ಮಂಗಳವಾರದ ಸಂಜೆಯ ಬಸ್ಸಿಗೆ ಒಬ್ಬ ಹಿರಿಯರು ಹತ್ತುತ್ತಿದ್ದರು. ಟಿಕೆಟ್ ಊರಿನ ತನಕ ತೆಗೆಸುವರು, ಇಳಿಯುವುದು ಮಾತ್ರ ಒಂದು ಮೈಲಿ ಮೊದಲು, ಹೊಲದ ಬದುವಿನ ಬಳಿ. ಐದಾರು ವಾರ ನೋಡಿ ಏಕೆ ಎಂದು ಕೇಳಿದೆ. “ಸ್ಟಾಪಿನ ಎದುರು ಅಂಗಡಿಯವನು ಕುಳಿತಿರುತ್ತಾನೆ” ಎಂದರು, ಅಷ್ಟೇ. ಅಂಗಡಿಯಲ್ಲಿ ಉದ್ರಿ ಬಾಕಿ ಇತ್ತು. ಕಣ್ಣಿಗೆ ಬೀಳಬಾರದೆಂದು ಮೊಣಕಾಲು ನೋವಿನಲ್ಲೇ ಒಂದು ಮೈಲಿ ನಡೆಯುತ್ತಿದ್ದರು, ಆದರೆ ನಡೆದ ದಾರಿಗೂ ಟಿಕೆಟ್ ಹಣ ಕೊಡುತ್ತಿದ್ದರು. ಆ ದಿನ ಏನೋ ಹೊಳೆದು, ಟಿಕೆಟ್ ಕಟ್ಟಿನ ಹಿಂಬದಿಯ ರಟ್ಟಿನ ಮೇಲೆ ಅವರ ಮಾತನ್ನು ಇದ್ದ ಹಾಗೆಯೇ ಬರೆದುಕೊಂಡೆ. ಸ್ಥಳ, ವಾರ, ಮಾತು. ನನಗೆ ಏನನ್ನಿಸಿತು ಎಂದು ಒಂದು ಅಕ್ಷರವನ್ನೂ ಬರೆಯಲಿಲ್ಲ, ಬರೆಯಲು ಜಾಗವೂ ಇರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲ್. ಕುಲುಕುವ ಬಸ್ಸಿನಲ್ಲಿ, ಕಂಬಕ್ಕೆ ಕಾಗದ ಒತ್ತಿ ಹಿಡಿದರೆ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಎಂದೂ ಕೈಕೊಟ್ಟಿಲ್ಲ. ಮುಂದೆ ಟಿಕೆಟ್ ಯಂತ್ರ ಬಂದ ಮೇಲೆ ಕಾಗದದ ಸುರುಳಿಯ ತುದಿಯ ತುಂಡುಗಳು ಸಿಗತೊಡಗಿದವು. ಆ ಕಾಗದದ ಮುಂಬದಿಯ ಅಚ್ಚು ಒಂದು ವರ್ಷದಲ್ಲಿ ಮಾಸಿಹೋಗುತ್ತದೆ, ಹಿಂಬದಿಯ ಪೆನ್ಸಿಲ್ ಬರಹ ಇಂದಿಗೂ ಹಾಗೇ ಇದೆ. ಚೀಟಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದೆ. ಹಾಕಿದ್ದನ್ನು ಹದಿನೈದು ದಿನ ತೆಗೆದು ಓದುತ್ತಿರಲಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಒಂದು ಚೀಟಿಯಿಂದ ನನಗೆ ಎಂದೂ ಕಥೆ ಹುಟ್ಟಿಲ್ಲ. ಹಿರಿಯರ ಆ ಮಾತು ಮೂರು ತಿಂಗಳು ಡಬ್ಬಿಯಲ್ಲಿ ಸುಮ್ಮನೆ ಬಿದ್ದಿತ್ತು. ಬಳಿಕ ಬೇರೆ ದಾರಿಯ ಬಸ್ಸಿನಲ್ಲಿ, ಬೇರೆ ಊರಿನ ಕಿರಾಣಿ ಅಂಗಡಿಯವರೊಬ್ಬರು ಚಾಲಕನ ಪಕ್ಕದಲ್ಲಿ ಕುಳಿತು ಹೇಳಿದರು: “ಗಿರಾಕಿ ಸತ್ತ. ಉದ್ರಿ ಪುಟ ಹರಿಯಲು ಮನಸ್ಸು ಬರುತ್ತಿಲ್ಲ.” ಆ ಚೀಟಿಯನ್ನು ರಾತ್ರಿ ಹಿಂದಿನ ಚೀಟಿಯ ಪಕ್ಕದಲ್ಲಿಟ್ಟೆ. ಒಬ್ಬರು ಅಂಗಡಿಯವನ ಕಣ್ಣು ತಪ್ಪಿಸಿ ಹೊಲದಲ್ಲಿ ನಡೆಯುತ್ತಿದ್ದಾರೆ, ಇನ್ನೊಬ್ಬರು ಸತ್ತವನ ಹೆಸರಿನ ಪುಟವನ್ನು ಹರಿಯದೆ ಇಟ್ಟುಕೊಂಡಿದ್ದಾರೆ. ಇಬ್ಬರೂ ಒಂದೇ ಊರಿನವರಾಗಿದ್ದರೆ? ಸಾಲಗಾರನಿಗೆ ಹೆದರಿಕೆ ಅನ್ನಿಸಿದ್ದು ಅಂಗಡಿಯವನಿಗೆ ಕೇವಲ ಗೆಳೆಯನ ದಾರಿ ಕಾಯುವುದಾಗಿದ್ದರೆ? ನನ್ನ ಮೊದಲ ಪೂರ್ತಿ ಕಥೆ ಅದು. ಆಮೇಲಿನ ಇಪ್ಪತ್ತೈದೂ ಹೀಗೆಯೇ ಬಂದವು. ಎರಡು ಮಾತು, ಬೇರೆ ಬೇರೆ ದಿನದ್ದು, ಬೇರೆ ಬೇರೆ ಬಾಯಿಯದು. ಅವುಗಳ ನಡುವೆ ಇರುವ ಖಾಲಿ ಜಾಗವನ್ನು ತುಂಬುವುದಷ್ಟೇ ನನ್ನ ಕೆಲಸ.

ನಿಶ್ಶಬ್ದದಲ್ಲಿ ಕುಳಿತವನಿಗೆ ಇಂಥ ಎರಡು ಮಾತುಗಳು ಎಲ್ಲಿಂದ ಸಿಗಬೇಕು? ನಿಮಗಾದರೋ ದಿನಕ್ಕೆ ಅರವತ್ತು ಜನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ದುಡ್ಡಿನ ವಿಷಯ ಮಾತನಾಡುವಾಗ ಮನುಷ್ಯ ಬೇರೆ ಯಾವಾಗಲೂ ಆಡದ ಮಾತುಗಳನ್ನು ಆಡುತ್ತಾನೆ. ಕಿಟಕಿಯ ಬಳಿ ನಿಂತ ಹೆಂಗಸನ್ನು ಬಿಟ್ಟುಬಿಡಿ ತಂಗೀ. ಅವಳನ್ನು ನೀವು ನೋಡಿಯೇ ಇಲ್ಲ.

ಇನ್ನೊಂದು ಮಾತು, ಹಿರಿಯನಾಗಿ ಹೇಳುತ್ತೇನೆ. ನಿಮ್ಮ ಮಾವನವರ ‘ನೀರಿದೆ’ಯನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ಅದರಿಂದ ಶುರು ಮಾಡಬೇಡಿ. ದಿನಕ್ಕೆ ಮೂರು ಹೊತ್ತು ನೀವೇ ಬಾಯಿ ಒರೆಸುವ ಮನುಷ್ಯನ ಬಗ್ಗೆ ಬರೆಯಲು ಕೂತರೆ ಕೈ ನಡುಗುತ್ತದೆ, ಇಲ್ಲವೇ ಬರಹ ಅಳುವಾಗುತ್ತದೆ. ನನ್ನ ತಾಯಿಯ ಬಗ್ಗೆ ಬರೆಯಲು ನನಗೆ ಹತ್ತೊಂಬತ್ತು ಕಥೆಗಳ ಅಭ್ಯಾಸ ಬೇಕಾಯಿತು. ಎರಡು ನಿಮಿಷ ಕಂಡು ಹೋಗುವವರಿಂದ ಆರಂಭಿಸಿ.

ಉತ್ತರ 3: ಬೀಸುಕಲ್ಲು

ಅಣ್ಣಾವರೇ, ನಿಮ್ಮ ಎರಡು ಚೀಟಿಯ ಮಾತು ನನಗೆ ತುಂಬ ಹಿಡಿಸಿತು. ಆದರೂ ಒಂದು ವಿಷಯ ಹೇಳದಿದ್ದರೆ ಆ ತಂಗಿಗೆ ಅನ್ಯಾಯವಾಗುತ್ತದೆ. ನಿಮ್ಮ ಹೆಸರೇ ವಸತಿ ಬಸ್. ಸಂಜೆ ಕೊನೆಯ ಊರಿಗೆ ಹೋದ ಬಸ್ಸು ಅಲ್ಲೇ ತಂಗಿದರೆ ಬೆಳಗಿನ ಆರರವರೆಗೆ ನಿಮ್ಮನ್ನು ಯಾರೂ ನೀರು ಕೇಳುವುದಿಲ್ಲ, ಯಾರ ಮಗುವಿಗೂ ಜ್ವರ ಬರುವುದಿಲ್ಲ. ಚೀಟಿ ಬರೆಯಲು ಗದ್ದಲ ಸಾಕು. ಎರಡು ಚೀಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಒಂದು ಗಂಟೆ ಬೇಕು. ಹೆಂಗಸಿನ ದಿನದಲ್ಲಿ ಆ ಗಂಟೆಯನ್ನು ಯಾರೂ ತಾವಾಗಿ ತಂದು ಕೊಡುವುದಿಲ್ಲ.

ನಮ್ಮ ತವರು ವಿಜಯಪುರದ ಕಡೆ. ಅಜ್ಜಿ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದಳು. ತ್ರಿಪದಿ ಎಂದರೆ ಮೂರೇ ಸಾಲು. ಕಲ್ಲಿಗೆ ಹಾಕಿದ ಒಂದು ಹಿಡಿ ಜೋಳ ಹಿಟ್ಟಾಗುವಷ್ಟರಲ್ಲಿ ಒಂದು ಪದ ಮುಗಿಯುತ್ತಿತ್ತು. ತವರಿನ ನೆನಪು, ಗಂಡನ ಮನೆಯ ಸಂಕಟ, ತೊಟ್ಟಿಲ ಕೂಸು, ಎಲ್ಲವೂ ಆ ಮೂರು ಸಾಲಿನ ಅಳತೆಯಲ್ಲಿ. ನಮ್ಮ ಭಾಗದ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಮನೆಮನೆಗೆ ಹೋಗಿ ಕೂಡಿಹಾಕಿ 1931ರಲ್ಲಿ ಅಚ್ಚು ಹಾಕಿಸಿದರು. ಕಟ್ಟಿದ ಹೆಂಗಸರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಅವರಲ್ಲಿ ಒಬ್ಬಳಿಗಾದರೂ ಏಕಾಂತದ ಕೋಣೆ ಇತ್ತೇ? ಹನ್ನೆರಡನೆಯ ಶತಮಾನದ ಕದಿರೆ ರೆಮ್ಮವ್ವೆ ನೂಲು ತೆಗೆಯುತ್ತಿದ್ದವಳು, ವಚನದೊಳಗೂ ರಾಟೆಯನ್ನೇ ತಂದಳು. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ಕಾವ್ಯವನ್ನೇ ಬರೆದಳು.

ನಾನು ಇದರಿಂದ ಕಲಿತದ್ದು ಇಷ್ಟು. ಬೀಸುವ ಕೆಲಸ ಕೈಯನ್ನು ಹಿಡಿದಿಡುತ್ತಿತ್ತು, ತಲೆಯನ್ನು ಬಿಟ್ಟುಕೊಡುತ್ತಿತ್ತು. ಲೆಕ್ಕದ ಕೆಲಸ ತಲೆಯನ್ನೂ ತಿನ್ನುತ್ತದೆ, ಆದ್ದರಿಂದ ರಾತ್ರಿ ಹತ್ತೂವರೆಗೆ ನಿಮಗೆ ಏನೂ ಹೊಳೆಯದಿರುವುದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ನಿಮ್ಮ ದಿನದಲ್ಲಿ ಕೈ ಮಾತ್ರ ದುಡಿಯುವ ಹೊತ್ತು ಯಾವುದೆಂದು ಹುಡುಕಿ. ನಾನು ಪುಣೆಯಲ್ಲಿ ಸಂಜೆ ಇಪ್ಪತ್ತು ಚಪಾತಿ ಲಟ್ಟಿಸುತ್ತೇನೆ. ಮೊದಲ ಚಪಾತಿಗೆ ಒಂದು ವಾಕ್ಯ ಹಿಡಿಯುತ್ತೇನೆ, ಕೊನೆಯ ಚಪಾತಿಯವರೆಗೆ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿಕೊಂಡು ಸರಿಮಾಡುತ್ತೇನೆ, ಕೈ ತೊಳೆದು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆಯುತ್ತೇನೆ. ತಿಂಗಳ ಹಾಳೆ ಹರಿದಾಗ ಇಪ್ಪತ್ತು ಇಪ್ಪತ್ತೆರಡು ವಾಕ್ಯಗಳಿರುತ್ತವೆ. ನಾನು ಬರೆಯುವುದೂ ಒಂದೂವರೆ ಪುಟದ ಕಥೆಗಳನ್ನೇ. ಕಾದಂಬರಿಗೆ ಹೊತ್ತು ಸಿಗಲಿ ಎಂದು ಕಾದು ಕುಳಿತಿದ್ದರೆ ಆ ಒಂದೂವರೆ ಪುಟವೂ ಆಗುತ್ತಿರಲಿಲ್ಲ.

ಮತ್ತೆ ಆ ಒಂದು ಗಂಟೆ. ಗುರುವಾರ ಸಂಜೆ ಏಳರಿಂದ ಎಂಟು ನನ್ನದು ಎಂದು ಮನೆಯಲ್ಲಿ ಹೇಳಿದೆ. ಹೇಳಲು ಒಂಬತ್ತು ವರ್ಷ ಬೇಕಾಯಿತು, ಹೇಳಿದ್ದು ಅರ್ಧ ನಿಮಿಷ. ಮೊದಲ ತಿಂಗಳು ಬಾಗಿಲು ತಟ್ಟುತ್ತಲೇ ಇದ್ದರು. ಉಪ್ಪಿನ ಡಬ್ಬಿ ಎಲ್ಲಿ, ಸಾಕ್ಸ್ ಎಲ್ಲಿ. ನಾನು ಏಳಲಿಲ್ಲ. ಎರಡನೆಯ ತಿಂಗಳು ಉಪ್ಪಿನ ಡಬ್ಬಿ ಅವರಿಗೇ ಸಿಕ್ಕಿತು. ನೀವೂ ಕೇಳಿ ತಂಗಿ, ಇಂದೇ ಕೇಳಿ.

ಉತ್ತರ 4: ಮೊದಲ ವರ್ಷದವನು

ನಾನು ಮೈಸೂರಿನಲ್ಲಿ ಓದುತ್ತಿದ್ದೇನೆ. ವಸತಿ ಬಸ್ ಅವರಲ್ಲಿ ಒಂದು ಪ್ರಶ್ನೆ. ಸರ್, ಜನ ನಂಬಿ ಆಡಿದ ಮಾತನ್ನು ಹೀಗೆ ಬರೆದುಕೊಳ್ಳುವುದು ಸರಿಯೇ? ಆ ಹಿರಿಯರಿಗೆ ನೀವು ಅವರ ಮಾತನ್ನು ಕಥೆ ಮಾಡಿದ್ದು ಗೊತ್ತಾಯಿತೇ?

ಉತ್ತರ 5: ವಸತಿ ಬಸ್

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಕೇಳದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ.

ಗೊತ್ತಾಯಿತು. ಕಥೆ ಪತ್ರಿಕೆಯ ಪುರವಣಿಯಲ್ಲಿ ಬಂದಾಗ ಊರಿನ ಹೆಸರು ಬದಲಿಸಿದ್ದೆ, ಆದರೆ ಮಂಗಳವಾರ, ಹೊಲದ ಬದು, ಮೊಣಕಾಲು ನೋವು, ಎಲ್ಲ ಹಾಗೇ ಬಿಟ್ಟಿದ್ದೆ. ಊರಿನ ಶಾಲೆಯಲ್ಲಿ ಯಾರೋ ಓದಿದರು. ಎರಡು ವಾರದ ಮೇಲೆ ಆ ಹಿರಿಯರ ಮಗ ಬಸ್ಸಿನ ಬಾಗಿಲಲ್ಲಿ ನಿಂತು, “ನಮ್ಮ ಅಪ್ಪ ಸಾಲಗಾರ ಎಂದು ಇಡೀ ಜಿಲ್ಲೆಗೆ ತಿಳಿಸಿದಿರಿ” ಎಂದ. ಕೂಗಾಡಲಿಲ್ಲ. ಟಿಕೆಟ್ ತೆಗೆದುಕೊಂಡು ಹಿಂದಿನ ಸೀಟಿಗೆ ಹೋಗಿ ಕುಳಿತ. ಹಿರಿಯರು ಮತ್ತೆಂದೂ ನನ್ನ ಬಸ್ಸಿಗೆ ಹತ್ತಲಿಲ್ಲ. ಟಂಟಂನಲ್ಲಿ ಓಡಾಡುತ್ತಾರೆ ಎಂದು ತಿಳಿಯಿತು. ಒಂದು ಮಂಗಳವಾರ ರಜೆ ಹಾಕಿ ಅವರ ಮನೆಗೆ ಹೋದೆ. ಚಹಾ ಕೊಟ್ಟರು, ಮಳೆ ಬೆಳೆ ಮಾತನಾಡಿದರು, ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಎದ್ದು ಎತ್ತಿಗೆ ಮೇವು ಹಾಕಲು ಹೋದರು.

ಆಮೇಲೆ ನಾನು ಒಂದು ಕಟ್ಟುಪಾಡು ಹಾಕಿಕೊಂಡೆ. ಮಾತು ಉಳಿಸಿಕೊಳ್ಳುತ್ತೇನೆ, ಆದರೆ ಮೂರನ್ನು ಬದಲಿಸುತ್ತೇನೆ: ಊರು, ಕಸುಬು, ಸಂಬಂಧ. ಊರು ಒಂದನ್ನೇ ಬದಲಿಸಿದರೆ ಸಾಲುವುದಿಲ್ಲ, ಜನ ತಮ್ಮನ್ನು ಗುರುತಿಸುವುದು ಊರಿನಿಂದಲ್ಲ, ಮಂಗಳವಾರದಿಂದ. ಬರೆದು ಮುಗಿಸಿದ ಮೇಲೆ, ಆ ಮನುಷ್ಯ ಎದುರಿಗೆ ಕುಳಿತು ಇದನ್ನು ಗಟ್ಟಿಯಾಗಿ ಓದಿದರೆ ನಾನು ತಲೆ ಎತ್ತಿ ಕೇಳಬಲ್ಲೆನೇ ಎಂದು ನೋಡಿಕೊಳ್ಳುತ್ತೇನೆ. ಆಗದಿದ್ದರೆ ಕಳುಹಿಸುವುದಿಲ್ಲ. ಹಾಗೆ ಕಳುಹಿಸದ ನಾಲ್ಕು ಕಥೆಗಳು ಇನ್ನೂ ಡಬ್ಬಿಯಲ್ಲಿವೆ.

ಬೀಸುಕಲ್ಲು ಹೆಸರಿನ ಅಕ್ಕನವರು ಹೇಳಿದ್ದು ಪೂರ್ತಿ ನಿಜ. ವಸತಿಯ ರಾತ್ರಿಗಳಲ್ಲಿ ಗುಡಿಯ ಕಟ್ಟೆಯ ದೀಪದಡಿ ಕುಳಿತು ನಾನು ಬರೆಯುತ್ತಿದ್ದಾಗ ಮನೆಯಲ್ಲಿ ಮೂರು ಮಕ್ಕಳನ್ನು ನನ್ನ ಹೆಂಡತಿ ಒಬ್ಬಳೇ ನೋಡಿಕೊಂಡಳು. ಆ ಇಪ್ಪತ್ತಾರು ಕಥೆಗಳಲ್ಲಿ ಅವಳ ಹೊತ್ತೂ ಸೇರಿದೆ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಉತ್ತರ 6: ಕೊಬ್ಬರಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನವಾಯಿತು, ನಡೆದದ್ದನ್ನು ಹೇಳಬೇಕೆನಿಸಿತು.

ಹಳೆಯ ರಸೀದಿ ಪುಸ್ತಕಗಳ ಖಾಲಿ ಬೆನ್ನನ್ನು ಕತ್ತರಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಮೊದಲ ಮೂರು ದಿನ ಏನೂ ಕಾಣಲಿಲ್ಲ, ಬರೀ ಅಸಲು, ಬಡ್ಡಿ, ಕಂತು. ನಾಲ್ಕನೆಯ ದಿನ ಪಡಿತರ ಕೊಡುವ ದಿನ. ನಮ್ಮ ಸಂಘದಲ್ಲೇ ನ್ಯಾಯಬೆಲೆ ಅಂಗಡಿಯೂ ಇದೆ. ವಯಸ್ಸಾದ ಒಬ್ಬ ತಾಯಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಕೈ ತೊಳೆಸಿದೆವು, ಒರೆಸಿದೆವು, ಬೇರೆ ಬೆರಳು ಇಡಿಸಿದೆವು. ಕೊನೆಗೆ ಮೊಮ್ಮಗನ ಮೊಬೈಲಿಗೆ ಬಂದ ಸಂಖ್ಯೆಯಿಂದ ಅಕ್ಕಿ ಸಿಕ್ಕಿತು. ಅಷ್ಟು ಹೊತ್ತೂ ಆಕೆ ಬೆರಳನ್ನು ನೋಡಿಕೊಳ್ಳುತ್ತಲೇ ಇದ್ದಳು. “ಹುಣಸೆಹಣ್ಣು ಬಿಡಿಸಿದ ಕೈ, ಗೆರೆ ಎಲ್ಲಿ ಉಳಿಯುತ್ತದೆ” ಎಂದಳು. ಚೀಟಿಯಲ್ಲಿ ಬರೆದೆ. ಇಂಥದ್ದು ಪ್ರತಿ ತಿಂಗಳೂ ನಡೆಯುತ್ತದೆ, ಆದರೆ ನಾನು ಕೇಳಿಸಿಕೊಂಡದ್ದು ಅಂದೇ ಮೊದಲು.

ಒಂಬತ್ತನೆಯ ದಿನ ಒಬ್ಬರು ಬಂದು ಶಾಯಿಯ ಮೆತ್ತೆಯನ್ನು ಸಾಯಂಕಾಲದವರೆಗೆ ಎರವಲು ಕೇಳಿದರು. ಏಕೆ ಎಂದೆ. “ಅಮ್ಮನ ಹೆಬ್ಬೆಟ್ಟು ಬೇಕು, ಪಾಲು ಪತ್ರಕ್ಕೆ.” ಅವರಿಗೂ ಆ ತಾಯಿಗೂ ಯಾವ ಸಂಬಂಧವೂ ಇಲ್ಲ, ಊರೇ ಬೇರೆ. ಮನೆಗೆ ಬಂದು ಎರಡೂ ಚೀಟಿಗಳನ್ನು ಅಟ್ಟದ ಏಣಿಯ ಮೆಟ್ಟಿಲ ಮೇಲೆ ಪಕ್ಕಪಕ್ಕದಲ್ಲಿಟ್ಟೆ. ಅಕ್ಕಿಗೆ ಒಪ್ಪಿಗೆಯಾಗದ ಬೆರಳು ಹೊಲಕ್ಕೆ ಒಪ್ಪಿಗೆಯಾಗುತ್ತದೆ. ಮೈ ಜುಮ್ಮೆಂದಿತು. ಕಾಲೇಜು ಬಿಟ್ಟ ಮೇಲೆ ಹಾಗೆ ಆಗಿದ್ದು ಇದೇ ಮೊದಲು.

ಬೀಸುಕಲ್ಲು ಅಕ್ಕ, ನಾನು ಕೇಳಿದೆ. ಭಾನುವಾರ ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಮಾವನವರನ್ನೂ ಮಕ್ಕಳನ್ನೂ ನಮ್ಮವರು ನೋಡಿಕೊಳ್ಳುತ್ತಾರೆ. “ಇಷ್ಟು ದಿನ ಏಕೆ ಹೇಳಲಿಲ್ಲ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಾಕ್ಯಗಳು ಹಾಲು ಕರೆಯುವಾಗ ಬರುತ್ತಿವೆ. ಮೊಬೈಲಿಗೆ ಹೇಳಲು ಪ್ರಯತ್ನಿಸಿದೆ, ನನ್ನ ಗಟ್ಟಿ ದನಿಗೆ ಹಸು ಬೆದರಿತು. ಆದ್ದರಿಂದ ಬಕೆಟ್ಟು ತುಂಬುವವರೆಗೆ ಬಾಯಲ್ಲೇ ಇಟ್ಟುಕೊಳ್ಳುತ್ತೇನೆ.

ಅಣ್ಣ, ಹುಣಸೆಹಣ್ಣನ್ನು ಬಿಟ್ಟು ಕಥೆಯ ತಾಯಿಯನ್ನು ಇಟ್ಟಿಗೆ ಗೂಡಿನಲ್ಲಿ ದುಡಿದವಳನ್ನಾಗಿ ಮಾಡಿದ್ದೇನೆ. ಊರನ್ನು ಶಿರಾ ಕಡೆಗೆ ಒಯ್ದಿದ್ದೇನೆ. ಮಗನ ಬದಲು ಅಳಿಯನನ್ನು ತಂದಿದ್ದೇನೆ, ಅಳಿಯನಾದ ಮೇಲೆ ಕಥೆ ಇನ್ನಷ್ಟು ಬಿಗಿಯಾಯಿತು. ಎರಡು ಪುಟ ಆಗಿದೆ. ಮಳೆ ಇಲ್ಲ. ಅಳಿಯ ಆಕೆಯ ಮಣಿಕಟ್ಟು ಹಿಡಿದು ಹೆಬ್ಬೆಟ್ಟನ್ನು ಶಾಯಿಯ ಕಡೆಗೆ ಒಯ್ಯುವಲ್ಲಿಗೆ ನಿಂತಿದೆ. ಆಕೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಭಾನುವಾರ ಎರಡಕ್ಕೆ ಕುಳಿತಾಗ ನೋಡಬೇಕು.